ನಮ್ಮ ಮಾವ ಮನೆ ಬಾಡಿಗೆಗೆ ಬಿಟ್ಟದ್ದು

ತೆರಿಗೆ ತಪ್ಪಿಸಿಕೊಂಡು ಓಡಾಡುವವರನ್ನು ನೀವು ನೋಡಿರುತ್ತೀರಿ. ಕೆಲವರು ಕನ್ನಡಿಯಲ್ಲೇ ನೋಡಿರುತ್ತೀರಿ, ಆ ವಿಷಯ ಬಿಡಿ! ಆದರೆ ತೆರಿಗೆ ಕಟ್ಟಿಯೇ ತೀರುತ್ತೇನೆಂದು ಸರ್ಕಾರದ ಬೆನ್ನು ಹತ್ತಿ, ಕೊನೆಗೆ ಸರ್ಕಾರವೇ ತಪ್ಪಿಸಿಕೊಂಡು ಓಡಾಡುವಂತೆ ಮಾಡಿದ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡುವುದೇನು, ಪ್ರತಿ ಮಂಗಳವಾರ ಎದುರಿಗೆ ಕೂರಿಸಿಕೊಂಡು ಚಹಾ ಕುಡಿಸಿದ್ದೇನೆ. ಅವನು ನನ್ನ ಸೋದರಮಾವ, ನಮ್ಮವ್ವನ ಬೆನ್ನಿಗೆ ಹುಟ್ಟಿದ ತಮ್ಮ.

ನಾನಾಗ ಹಗರಿಬೊಮ್ಮನಹಳ್ಳಿಯಲ್ಲಿ, ಬಸ್ ನಿಲ್ದಾಣದ ಎದುರಿನ ಒಂದು ಮಹಡಿಯ ಮೇಲೆ, ವ್ಯಾಪಾರಸ್ಥರ ಲೆಕ್ಕ ಬರೆದು ತೆರಿಗೆಯ ಕಾಗದ ತುಂಬಿಕೊಡುವ ಕೆಲಸ ಮಾಡುತ್ತಿದ್ದೆ. ಮುಂದಿನ ಕೋಣೆ ಆಫೀಸು, ಹಿಂದಿನ ಕೋಣೆ ಮನೆ. ಮನೆ ಅಂದರೆ ಒಂದು ಮಂಚ, ಒಂದು ಟ್ರಂಕು, ಒಂದು ನೀರಿನ ಕೊಡ. ಊಟಕ್ಕೆ ಖಾನಾವಳಿ. ಮದುವೆ ಆಗಿರಲಿಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಕನ್ಯೆ ನೋಡಲು ಹೋಗಿ ಬಂದೆ. ಎಲ್ಲ ಕಡೆ ಉಪ್ಪಿಟ್ಟು ಕೂಡಿಬಂತು, ಕಂಕಣ ಮಾತ್ರ ಕೂಡಿಬರಲಿಲ್ಲ. ಕೊನೆಕೊನೆಗೆ ನನ್ನ ಜೊತೆ ಬರುತ್ತಿದ್ದ ಹಿರಿಯರೇ ಸುಸ್ತಾಗಿ, "ಈ ಸಲ ನೀನೊಬ್ನೇ ಹೋಗಿ ಬಾರಪ್ಪ, ನಮಗ ರವಾ ಆಗಿಬರವಲ್ದು" ಅಂದುಬಿಟ್ಟರು.

ನನ್ನ ಗಿರಾಕಿಗಳು ಅಡತಿ ಅಂಗಡಿಯವರು, ಬಟ್ಟೆ ಅಂಗಡಿಯವರು, ಶೇಂಗಾ ಎಣ್ಣೆ ಮಿಲ್ಲಿನವರು. ಎಲ್ಲರದೂ ಒಂದೇ ಮಂತ್ರ: "ಹೆಂಗರ ಮಾಡಿ ಕಡಿಮಿ ಮಾಡ್ರಿ!" ವರ್ಷವಿಡೀ ಈ ಮಂತ್ರ ಕೇಳಿ ಕೇಳಿ, ದೇವಸ್ಥಾನದಲ್ಲಿ ಪೂಜಾರಿ ಮಂತ್ರ ಹೇಳುವಾಗಲೂ ನನಗೆ ಅದೇ ಕೇಳಿಸುತ್ತಿತ್ತು. ಅಂಥ ಆಫೀಸಿಗೆ ಒಂದು ಮಂಗಳವಾರ ಕೊಟ್ಟೂರಿನ ಬಸ್ಸಿಳಿದು ಮೆಟ್ಟಿಲೇರಿ ಬಂದ ಮಾವ, ಕೊಡೆ ಮೂಲೆಗಿಟ್ಟು, ಬೆಂಚಿನ ಮೇಲೆ ಕೂತು ಕೇಳಿದ:

"ಅಳಿಯಾ, ನಾನು ಮನಿ ಬಾಡಿಗಿಗೆ ಕೊಡಬೇಕಂತ ಮಾಡೀನಿ. ಕಾನೂನು ಏನಂತೈತಿ?"

ಅವನ ಪರಿಚಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮಾವ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತನಾದವನು. ಹೊಸಹಳ್ಳಿಯ ಹೊಲಗಳಿಂದ ಹಿಡಿದು ಉಚ್ಚಂಗಿದುರ್ಗದ ಗುಡ್ಡದ ಬುಡದವರೆಗೆ ಸರಪಳಿ ಎಳೆದವನು. ಸರಪಳಿಯನ್ನು ಸರ್ಕಾರಕ್ಕೆ ವಾಪಸು ಕೊಟ್ಟಿದ್ದ, ಬುದ್ಧಿಯನ್ನು ಕೊಟ್ಟಿರಲಿಲ್ಲ. ಯಾವುದನ್ನೇ ಆಗಲಿ ಚೆಕ್ಕುಬಂದಿ ಹಾಕದೆ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಹೇಳದೆ, ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಊಟಕ್ಕೆ ಕೂತರೆ "ಮೂಡಲಕ್ಕ ರೊಟ್ಟಿ, ಪಡುವಲಕ್ಕ ಪಲ್ಯ, ಬಡಗಲಕ್ಕ ಕಾರ ಹಿಂಡಿ. ತೆಂಕಲಕ್ಕ ಏನೂ ಇಲ್ಲಲ್ಲ, ಮೊಸರು ಎಲ್ಲಿ?" ಅನ್ನುವವನು. ಅವನ ಹೆಂಡತಿ, ನಮ್ಮತ್ತೆ, ಮೊಸರು ಹಾಕುತ್ತಾ "ತೆಂಕಲಕ್ಕ ನಾನದೀನಿ, ಕಣ್ಣು ಕಾಣ್ಸಲ್ಲೇನು?" ಅನ್ನುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಮಾತೆಲ್ಲ ಅತ್ತೆಯದು, ಅಳತೆಯೆಲ್ಲ ಮಾವನದು.

ಆ ಅತ್ತೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳಂತೆ. ಅಷ್ಟೇ. ಮಣ್ಣಿಗೆ ನಾನೂ ಹೋಗಿದ್ದೆ. ಗುಣಿ ತೋಡುವವರು ಕೆಲಸ ಮುಗಿಸಿ ಮೇಲೆ ಬರುತ್ತಿದ್ದಂತೆ ಮಾವ ಅಂಚಿಗೆ ಬಂದು ಬಗ್ಗಿ ನೋಡಿ, "ಬಡಗಲ ಮೂಲಿ ಸೊಟ್ಟ ಐತಿ" ಅಂದ. ಜನ ಕಕ್ಕಾಬಿಕ್ಕಿಯಾದರು. "ಏನ್ ಮನುಷ್ಯಾನಪ್ಪ! ಹೆಂಡ್ತಿ ಹೋಗ್ಯಾಳ, ಇವನಿಗೆ ಮೂಲಿ!" ಎಂದು ಯಾರೋ ಪಿಸುಗುಟ್ಟಿದರು. ಮಾವ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಜೇಬಿನಿಂದ ದಾರ ತೆಗೆದು ಹಿಡಿದ. ದಾರ ನೆಟ್ಟಗೆ ನಿಲ್ಲಲೇ ಇಲ್ಲ. ಗಾಳಿ ಇರಲಿಲ್ಲ. ಗುಣಿ ತೋಡಿದವರಲ್ಲಿ ಹಿರಿಯನೊಬ್ಬ ಮತ್ತೆ ಕೆಳಗಿಳಿದು ಮೂಲೆ ಸರಿಮಾಡಿ, "ಈಗ ಸರಿ ಆತ್ರಿ ಯಜಮಾನ್ರ" ಅಂದ ಮೇಲೆಯೇ ಮಾವ ಹಿಂದಕ್ಕೆ ಸರಿದದ್ದು.

ಅದಾಗಿ ಕೆಲವು ತಿಂಗಳಿಗೆ ಬಂದವನು ಕೇಳಿದ ಪ್ರಶ್ನೆ ಇದು. ನಾನು ಉತ್ಸಾಹದಿಂದಲೇ ವಿವರಿಸಿದೆ. ಕಡಿಮೆ ಮಾಡ್ರಿ ಅನ್ನದೆ ಬರೀ ಕಾನೂನು ಕೇಳಿದ ಮೊದಲ ಗಿರಾಕಿ ಅವನು!

"ನೋಡು ಮಾವ, ಸ್ವಂತಕ್ಕ ಇರೋ ಮನಿಗೆ ವರ್ಷದ ಬೆಲಿ ಸೊನ್ನಿ ಅಂತ ಹಿಡೀತಾರ. ಬಾಡಿಗಿಗೆ ಕೊಟ್ಟ ಕೂಡ್ಲೆ ಬಾಡಿಗಿ ನಿನ್ನ ಆದಾಯ ಆಗತೈತಿ. ಅದರಾಗ ನೀನು ಕಟ್ಟಿದ ಮನಿ ಕಂದಾಯ ಕಳೀತಾರ. ಉಳದಿದ್ದರಾಗ ನೂರಕ್ಕ ಮೂವತ್ತು ಪಾಲು ರಿಪೇರಿ ಅದು ಇದು ಅಂತ ಬಿಡ್ತಾರ. ಮಿಕ್ಕಿದ್ದನ್ನ ನಿನ್ನ ಪಿಂಚಣಿಗೆ ಕೂಡಸ್ತಾರ."

ಮಾವ ಮಿಕ್ಕಿದ್ದೇನನ್ನೂ ಕೇಳಿಸಿಕೊಂಡಿರಲಿಲ್ಲ. "ನಾನಿದ್ರ ಸೊನ್ನಿ?" ಅಂದ.

"ಸೊನ್ನಿ."

"ನಾನು, ನಿಮ್ಮತ್ತಿ ಇಷ್ಟು ವರ್ಷ ಸಂಸಾರ ಮಾಡಿದ ಮನಿಗೆ ಸೊನ್ನಿ. ನಾಳಿ ಯಾವನೋ ಬಂದು ಅಂಗಳದಾಗ ಬನೀನು ಒಣಗಾಕಿದ ಅಂದ್ರ ಅದಕ್ಕ ಬೆಲಿ!"

"ಸರ್ಕಾರ ನಿನಗ ಅನುಕೂಲ ಮಾಡೇತಿ ಮಾವ."

"ಇದು ಅನುಕೂಲ ಏನಲೇ? ಅವಮಾನ!"

ಆ ಅವಮಾನದ ಸಿಟ್ಟಿನಲ್ಲೇ ಮನೆಯ ಮುಂದಿನ ಭಾಗ, ಅಂದರೆ ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲವನ್ನೂ ಬಾಡಿಗೆಗೆಂದು ತೆಗೆದಿಟ್ಟ. ತಾನು ಅಡುಗೆಮನೆಯ ಗೋಡೆಗೆ ಹೊಂದಿಕೊಂಡು ಹಿತ್ತಲಲ್ಲಿದ್ದ, ಅತ್ತೆ ಕಟ್ಟಿಗೆ ಕುಳ್ಳು ಒಟ್ಟುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿಕೊಂಡು ಸೇರಿಕೊಂಡ. ಒಳ್ಳೆಯ ಮಾಳಿಗೆ ಮನೆ ಬಿಟ್ಟು ಕುಳ್ಳಿನ ಕೋಣೆಗೆ ಹೋಗುತ್ತಾರೆಯೇ ಯಾರಾದರೂ? ಕೇಳಿದರೆ "ಒಬ್ಬ ಮನುಷ್ಯಾ ಅಷ್ಟು ಜಾಗ ಹಿಡಿಯೋದು ಒತ್ತುವರಿ" ಅಂದ. ತನ್ನ ಮನೆಯನ್ನು ತಾನೇ ಒತ್ತುವರಿ ಮಾಡಿ, ತಾನೇ ತೆರವು ಮಾಡಿಕೊಂಡ ಮೊದಲ ಮನುಷ್ಯ ಅವನೇ ಇರಬೇಕು.

ಮುಂದಿನ ಮಂಗಳವಾರ ಮನೆಯ ನಕ್ಷೆ ಬರೆದುಕೊಂಡು ಬಂದ. ಬಾಡಿಗೆ ಭಾಗಕ್ಕೆ ಕೆಂಪು ಶಾಯಿ, ಸ್ವಂತ ಭಾಗಕ್ಕೆ ನೀಲಿ ಶಾಯಿ. ಮನೆಯ ಪಕ್ಕದಲ್ಲಿ ಬೀದಿಯಿಂದ ಹಿತ್ತಲಿಗೆ ಹೋಗುವ ಸಂದಿಗೆ ಬಣ್ಣವೇ ಇಲ್ಲ.

"ಈ ಸಂದಿನಾಗ ಬಾಡಿಗಿಗೆ ಬರೋರೂ ಅಡ್ಡಾಡ್ತಾರ, ನಾನೂ ಅಡ್ಡಾಡ್ತೀನಿ. ಇದು ಸೊನ್ನಿ ಕಡಿಗೋ, ಬೆಲಿ ಕಡಿಗೋ?"

"ಅರ್ಧ ಅರ್ಧ ಹಿಡಿ ಮಾವ. ಯಾರು ಕೇಳ್ತಾರ?"

"ಬರೋರು ಸಂಸಾರಸ್ಥರು, ನಾನೊಬ್ನೇ. ಅರ್ಧ ಹೆಂಗಾಗತೈತಿ? ಯಾರೂ ಕೇಳಲ್ಲ ಅಂತ ಗಡಿಕಲ್ಲು ಸರಿಸಾಕ ಬರ್ತೈತೇನಲೇ?"

ನಾನು ಚಹಾ ತರಿಸಿದೆ. ಚಹಾದಿಂದ ಬಗೆಹರಿಯದ ತೊಡಕು ನಮ್ಮ ಕಡೆ ಕಡಿಮೆ. ಇದು ಬಗೆಹರಿಯಲಿಲ್ಲ. ಊರಿಗೆ ಹೋದವನೇ ಮಾವ ಹಿತ್ತಲ ಗೋಡೆ ಒಡೆಸಿ, ಹಿಂದಿನ ಓಣಿಗೆ ತನ್ನದೇ ಒಂದು ಬಾಗಿಲಿಟ್ಟುಕೊಂಡ! ಸಂದು ಪೂರ್ತಿ ಬಾಡಿಗೆ ಭಾಗಕ್ಕೆ ಸೇರಿತು, ನಕ್ಷೆಯಲ್ಲಿ ಕೆಂಪಾಯಿತು. ಲೆಕ್ಕವೇನೋ ನೇರವಾಯಿತು. ಆದರೆ ಹಿಂದಿನ ಓಣಿಯಲ್ಲಿ ಹಂದಿಗಳ ಹೊರತು ಯಾರೂ ಅಡ್ಡಾಡುತ್ತಿರಲಿಲ್ಲ. ಮುಂದಿನ ಬೀದಿಯಲ್ಲಿ ಕಟ್ಟೆಯ ಮೇಲೆ ಕೂತರೆ "ಏನ್ರಿ, ಆರಾಮೇನ್ರಿ?" ಅನ್ನುವವರು ಹತ್ತು ಮಂದಿ ಸಿಗುತ್ತಿದ್ದರು. ಹಿಂದೆ ಯಾರು ಸಿಗಬೇಕು?

ಮೊದಲ ಬಾಡಿಗೆದಾರ ಮೈಸೂರು ಕಡೆಯ ಒಬ್ಬ ಲೆಕ್ಚರರು, ಹೆಂಡತಿ ಮಕ್ಕಳೊಂದಿಗೆ ಬಂದವರು. ಬಾಡಿಗೆ ಮನೆಯ ಮಾಲೀಕರೆಂದರೆ ನಿಮಗೆ ಗೊತ್ತು. ಸೋರುವ ಮಾಳಿಗೆಯ ಕೆಳಗೆ ಬಕೀಟು ಇಡಿ ಎನ್ನುವವರು, ಮುರಿದ ಚಿಲಕಕ್ಕೆ ದಾರ ಕಟ್ಟಿಕೊಳ್ಳಿ ಎನ್ನುವವರು. ನಮ್ಮ ಮಾವ ಹಾಗಲ್ಲ. ಅವನನ್ನು ನೂರಕ್ಕೆ ಮೂವತ್ತರ ರಿಪೇರಿ ಪಾಲು ಹಿಡಿದುಕೊಂಡುಬಿಟ್ಟಿತ್ತು.

"ಅದು ಖರ್ಚು ಮಾಡಿದ್ರೂ ಬಿಡ್ತಾರ, ಮಾಡದಿದ್ರೂ ಬಿಡ್ತಾರ ಮಾವ. ಲೆಕ್ಕ ಕೇಳಂಗಿಲ್ಲ" ಎಂದು ನಾನು ಬಾಯಿ ಬಡಿದುಕೊಂಡೆ.

"ರಿಪೇರಿಗೆ ಅಂತ ಬಿಟ್ಟದ್ದನ್ನ ಇಟ್ಕೊಂಡು ಉಂಡ್ರ ಅದಕ್ಕ ಏನಂತಾರ?"

"ಕಾನೂನು ಅಂತಾರ."

"ನಾನು ಕಳ್ಳತನ ಅಂತೀನಿ."

ಶುರುವಾಯಿತು ರಿಪೇರಿ! ಸುಣ್ಣ ಆರುವ ಮೊದಲೇ ಮತ್ತೆ ಸುಣ್ಣ. ಚೆನ್ನಾಗಿದ್ದ ಚಿಲಕ ತೆಗೆದು ಇನ್ನೂ ಚೆನ್ನಾಗಿರುವ ಚಿಲಕ. ಮಾಳಿಗೆ ಸೋರದಿದ್ದರೂ ಮೇಲೆ ಹೊಸ ಮಣ್ಣು; ಆ ಮಣ್ಣು ಹೊರುವವರು ತುಳಿದ ಮೇಲೆ ಸೋರಿಕೆ; ಆ ಸೋರಿಕೆಗೆ ಮತ್ತೆ ರಿಪೇರಿ! ಲೆಕ್ಚರರು ಪಾಠಕ್ಕೆ ಓದಿಕೊಳ್ಳಲು ಕೂತರೆ ತಲೆಯ ಮೇಲೆ ಗುದ್ದಲಿ. ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕಿದರೆ ಮೇಲಿಂದ ಮಣ್ಣೂ ಬಿದ್ದು ಚಟಪಟ. ಒಂದು ದಿನ ಅವರು ಕೈಮುಗಿದು, "ಸಾರ್, ತಾವು ದೊಡ್ಡವರು. ನಮಗೆ ರಿಪೇರಿ ಬೇಡ ಸಾರ್, ನೆಮ್ಮದಿ ಸಾಕು" ಎಂದು ಮನೆ ಖಾಲಿ ಮಾಡಿ ಹೋದರು. ಮಾಲೀಕ ರಿಪೇರಿ ಮಾಡಿಸುತ್ತಾನೆಂದು ಬಿಟ್ಟು ಓಡಿದ ಬಾಡಿಗೆದಾರರನ್ನು ನೀವು ಇನ್ನೆಲ್ಲಾದರೂ ಕೇಳಿದ್ದೀರಾ?

ಅದಾದ ಮೇಲೆ ಮನೆ ಬಹಳ ದಿನ ಹಾಗೇ ಇತ್ತು. ಮಾವ ಮಂಗಳವಾರ ತಪ್ಪಿಸಲಿಲ್ಲ.

"ಈಗ ಬಾಡಿಗಿ ಇಲ್ಲ. ಆದ್ರೂ ಅದು ಬಾಡಿಗಿ ಮನಿನೇ. ಇದಕ್ಕೇನಂತೈತಿ ನಿನ್ನ ಕಾನೂನು?"

"ಬಾಡಿಗಿಗೆ ಬಿಟ್ಟ ಮನಿ ನಡುವ ಖಾಲಿ ಬಿದ್ರ, ಆ ತಿಂಗಳ ಬಾಡಿಗಿ ಹಿಡಿಯಂಗಿಲ್ಲ ಮಾವ. ಖಾಲಿ ಇದ್ದಷ್ಟಕ್ಕೂ ರಿಯಾಯ್ತಿ ಐತಿ."

ಅವನು ಬಹಳ ಹೊತ್ತು ಕಿಟಕಿಯಾಚೆ ನಿಲ್ದಾಣದ ಗದ್ದಲ ನೋಡುತ್ತಾ ಕೂತ. ಆಮೇಲೆ, "ಖಾಲಿ ಇರೋದೂ ಒಂದು ನಷ್ಟ ಅಂತ ಸರ್ಕಾರಕ್ಕ ಗೊತ್ತೈತಿ ಅನ್ನು" ಅಂದ. ನನಗೆ ನಗು ಬಂತು. ಅವನು ನಗಲಿಲ್ಲ.

ವರ್ಷದ ಕೊನೆಗೆ ನಾನು ಅವನ ಪಿಂಚಣಿ, ಬಾಡಿಗೆ ಎಲ್ಲ ಕೂಡಿಸಿ ಕಳೆದು ನೋಡಿದರೆ, ಮಾವ ತೆರಿಗೆ ಕಟ್ಟುವ ಮಿತಿಯ ಹತ್ತಿರಕ್ಕೂ ಬಂದಿರಲಿಲ್ಲ. "ಮಾವ, ನೀನು ಒಂದು ಪೈಸಾನೂ ಕಟ್ಟಬೇಕಾಗಿಲ್ಲ!" ಎಂದು ಸಡಗರದಿಂದ ಹೇಳಿದೆ. ಇದೇ ಮಾತನ್ನು ಎಣ್ಣೆ ಮಿಲ್ಲಿನವರಿಗೆ ಹೇಳಿದ್ದರೆ ನನ್ನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುತ್ತಿದ್ದರು. ಮಾವನ ಮುಖ ಬಾಡಿತು. ನನ್ನ ಲೆಕ್ಕದ ಮೇಲೆ ನಂಬಿಕೆಯಿಲ್ಲದೆ, ಹೊಸಪೇಟೆಯ ತೆರಿಗೆ ಕಚೇರಿಗೆ ತಾನೇ ಹೋದ. ಅಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ. ಸಾಹೇಬರು ಒಳ್ಳೆಯವರು. ಕೂರಿಸಿ, ಕಾಗದವನ್ನೆಲ್ಲ ನೋಡಿ, "ಯಜಮಾನ್ರೆ, ನೀವು ಕಟ್ಟೋ ಅವಶ್ಯಕತೆ ಇಲ್ಲ" ಅಂದರಂತೆ.

"ಕಟ್ಟಿದ್ರ ಏನಾಗತೈತ್ರಿ?"

"ನಾವು ವಾಪಸ್ ಕೊಡಬೇಕಾಗುತ್ತೆ."

"ಕೊಡಾಕ ಯಾರರ ಮನಿಗೆ ಬರ್ತಾರೇನ್ರಿ?"

"ಇಲ್ಲ, ಅಂಚೆಯಲ್ಲಿ ಬರುತ್ತೆ."

"ಹೋಗ್ಲಿ, ಬಾಡಿಗಿಗೆ ಕೊಟ್ಟದ್ದು ಖರೇನೋ ಸುಳ್ಳೋ ಅಂತ ನೋಡಾಕ?"

"ನಿಮ್ಮಂಥೋರ ಮನೆ ನೋಡೋಕೆ ಯಾಕೆ ಬರ್ತಾರೆ, ಯಜಮಾನ್ರೆ? ನಿಶ್ಚಿಂತೆಯಿಂದ ಇರಿ" ಎಂದು ಸಾಹೇಬರು ನಕ್ಕು, ಕೈ ಕುಲುಕಿ ಕಳಿಸಿದರಂತೆ.

ಇದನ್ನು ಹೇಳಿ ಮಾವ ಪೆಚ್ಚಾಗಿ ಕೂತ. "ಯಾರರ ಬರ್ತಾರ ಅಂತ ಒಂದು ಕುರ್ಚಿ ತಂದಿಟ್ಟಿದ್ನೆಲ್ಲೋ ಅಳಿಯಾ. ಕೈ ಇಟ್ಕೊಳ್ಳೋ ಕುರ್ಚಿ" ಅಂದ. ತೆರಿಗೆಯವರು ಬರುತ್ತಾರೆಂದು ಬಾಗಿಲು ಹಾಕಿಕೊಂಡು ಹಿತ್ತಲಿಂದ ಓಡಿದವರನ್ನು ಕಂಡಿದ್ದೆ; ಅವರಿಗಾಗಿ ಕುರ್ಚಿ ಕೊಂಡು ಕಾದವನನ್ನು ಅಂದೇ ಕಂಡದ್ದು. ಈ ಕಥೆಯನ್ನು ಆಮೇಲೆ ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಅಷ್ಟರಲ್ಲಿ ಬಾಡಿಗೆಗೆ ಬಂದವಳು ಗಂಗಮ್ಮ. ಅವಳ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು, ನಮ್ಮ ನಿಲ್ದಾಣದಲ್ಲಿ ನೋಡಿ ನನಗೂ ಗೊತ್ತಿದ್ದವನು. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ಯಾವುದೋ ಹಳ್ಳಿಯಲ್ಲಿ ವಸ್ತಿ. ಗಂಗಮ್ಮ ತಂಬ್ರಹಳ್ಳಿಯ ಹೆಣ್ಣು, ಮಾತಿನಲ್ಲಿ ನಮ್ಮತ್ತೆಗೆ ಏನೇನೂ ಕಡಿಮೆಯಿಲ್ಲ. ಮಾವ ಎಂದಿನಂತೆ ಸುಣ್ಣದ ಬಕೀಟು ಹಿಡಿದು ಬೀದಿ ಸುತ್ತಿ ಮುಂದೆ ಕಾಣಿಸಿಕೊಂಡಾಗ ಅವಳು ಬಾಗಿಲಿಗೆ ಅಡ್ಡ ನಿಂತಳಂತೆ.

"ಯಜಮಾನ್ರ, ಗ್ವಾಡಿ ಚೆಂದ ಅದಾವು. ಆ ಬಕೀಟು ಒಳಗ ತಂದ್ರಿ ಅಂದ್ರ ನಿಮ್ಮ ತಲಿ ಮ್ಯಾಲೆ ಸುರಿವಿಬಿಡ್ತೀನಿ ನೋಡ್ರಿ!"

"ಇದು ಸರ್ಕಾರದ ಲೆಕ್ಕ ಐತೆವ್ವ."

"ಸರ್ಕಾರದ್ದು ಅಂದ್ರ ಬಚ್ಚಲಕ್ಕ ಬಂಡಿ ಹಾಕಸ್ರಿ. ಕಾಲು ಜಾರತೈತಿ."

ಜೀವಮಾನದಲ್ಲಿ ಮೊದಲ ಸಲ ಮಾವ ನಿಜವಾಗಿ ಬೇಕಾಗಿದ್ದ ರಿಪೇರಿ ಮಾಡಿಸಿದ. ಬಚ್ಚಲಿಗೆ ಕಲ್ಲಿನ ಬಂಡೆ ಬಂತು. ಅಡುಗೆಮನೆಯಲ್ಲಿ ಅವಳ ಎತ್ತರಕ್ಕೆ ಒಂದು ಹಲಗೆ ಬಂತು. ಬಟ್ಟೆ ಒಗೆಯುವ ಕಲ್ಲನ್ನು ನೆರಳಿಗೆ ಸರಿಸಿದ್ದಾಯಿತು. "ಆಕಿ ಹೇಳಿದ್ರ ಖರ್ಚು ಸರಿಯಾಗಿ ಹೋಗತೈತಲೇ" ಎಂದು ಮಾವ ನನ್ನೆದುರು ಹೆಮ್ಮೆ ಪಟ್ಟ.

ಒಂದು ಮಂಗಳವಾರ ಬಹಳ ಗಂಭೀರವಾಗಿ ಬಂದು ಕೂತ. ಗಿರಾಕಿಗಳಿದ್ದರು, ಅವರು ಹೋಗುವವರೆಗೂ ಕಾದು, ದನಿ ತಗ್ಗಿಸಿ ಕೇಳಿದ:

"ಗಂಗಮ್ಮ ದಿನಾ ಎರಡು ರೊಟ್ಟಿ ಕೊಡ್ತಾಳ. ಪಲ್ಯ ಬ್ಯಾರೆ. ನಾನು ಕೇಳಿಲ್ಲ. ನಾ ಸುಟ್ಟ ರೊಟ್ಟಿ ವಾಸ್ನಿ ಗ್ವಾಡಿ ದಾಟಿ ಹೋಗಿತ್ತು, ಅದಕ್ಕ ಕೊಡಾಕ ಹತ್ಯಾಳ. ಈ ರೊಟ್ಟಿ ಬಾಡಿಗಿಯಾಗ ಸೇರತೈತೇನು?"

"ಬಾಡಿಗಿಯಾಗ ಆಕಿ ಮುರ್ಕೊಂಡಾಳೇನು?"

"ಇಲ್ಲ. ಬಾಡಿಗಿ ಪೂರಾ ಕೊಡ್ತಾಳ."

"ಹಂಗಾದ್ರ ಸೇರಲ್ಲ ಬಿಡು."

"ಮತ್ತ ಇದಕ್ಕ ಏನಂತ ಬರೀಬೇಕು?"

"ಅಂತಃಕರಣ ಅಂತಾರ ಮಾವ ಇದಕ್ಕ."

ಮಾವ ಹುಬ್ಬು ಗಂಟು ಹಾಕಿದ. "ಅದು ಯಾವ ಕಲಂನಾಗ ಬರ್ತೈತಿ?"

ಯಾವ ಕಲಮಿನಲ್ಲಿ ಬರುತ್ತದೆ? ನೀವೇ ಹೇಳಿ! ನಾನು ಇಷ್ಟು ವರ್ಷ ಓದಿದ ತೆರಿಗೆ ಪುಸ್ತಕದಲ್ಲಿ ಆ ಕಲಮು ಸಿಕ್ಕಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು ಅನ್ನಿ. ನನಗೆ ಖಾನಾವಳಿಯ ಚರ್ಮದಂಥ ರೊಟ್ಟಿ, ಇವನಿಗೆ ಒಲೆಯಿಂದ ಇಳಿದ ಬಿಸಿ ರೊಟ್ಟಿ. ಮೇಲೆ ತೆರಿಗೆಯೂ ಇಲ್ಲ!

ಮುಂದಿನ ಮಂಗಳವಾರಗಳಲ್ಲಿ ಕಾನೂನು ತೆಳ್ಳಗಾಗುತ್ತಾ ಗಂಗಮ್ಮ ದಪ್ಪಗಾಗುತ್ತಾ ಹೋದಳು. ಗಂಗಮ್ಮ ರೇಡಿಯೋ ಹಚ್ಚಿದರೆ ಗೋಡೆಯಾಚೆ ತನಗೂ ಕೇಳುತ್ತದೆ, ಅದಕ್ಕೇನಾದರೂ ಕೊಡಬೇಕೇ? ಗಂಗಮ್ಮ ಸಂದಿನಲ್ಲಿ ಅವರೆ ಬಳ್ಳಿ ಹಬ್ಬಿಸಿದ್ದಾಳೆ, ಕಾಯಿ ಅವಳದೋ ಮಾಲೀಕನದೋ? ಬಳ್ಳಿ ತಾನೇ ಗೋಡೆ ಹತ್ತಿ ನೀಲಿ ಭಾಗಕ್ಕೆ ಬಂದರೆ? ಗಂಡ ವಸ್ತಿಗೆ ಹೋದ ದಿನ ಗಂಗಮ್ಮ, "ಯಜಮಾನ್ರ, ಹಿಂದ ನೀವದೀರಿ ಅಂತ ನನಗ ಧೈರ್ಯ" ಎಂದಳಂತೆ. ಇದರಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಆದರೂ ಅದನ್ನು ಹೇಳಲು ಮಾವ ಕೊಟ್ಟೂರಿನಿಂದ ಬಸ್ಸಿಗೆ ಬಂದಿದ್ದ.

ಹೀಗೆ ಎರಡು ಮೂರು ವರ್ಷ ಕಳೆದಿರಬೇಕು. ಒಮ್ಮೆ ಮಂಗಳವಾರ ಮಾವ ಬರಲಿಲ್ಲ. ಮೈ ಹುಷಾರಿಲ್ಲವೇನೋ ಅಂದುಕೊಂಡೆ. ಮುಂದಿನ ಮಂಗಳವಾರವೂ ಇಲ್ಲ. ಚಹಾ ಅಂಗಡಿಯವನು ಎಂದಿನಂತೆ ಎರಡು ಲೋಟ ಕಳಿಸಿದ. ಎರಡನ್ನೂ ನಾನೇ ಕುಡಿದೆ. ವರ್ಷದ ಲೆಕ್ಕದ ಗಡಿಬಿಡಿ, ವಾರ ಉರುಳಿತು. ಒಂದು ದಿನ ಹರಪನಹಳ್ಳಿಗೆ ಕೆಲಸದ ಮೇಲೆ ಹೊರಟವನಿಗೆ ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದವನು ಗಂಗಮ್ಮನ ಗಂಡ!

"ನಮಗ ಹರಪನಹಳ್ಳಿಗೆ ವರ್ಗ ಆತ್ರಿ ಸಾರ್. ನಿಮ್ಮ ಮಾವನೋರು ಹೇಳಲಿಲ್ಲೇನ್ರಿ?" ಅಂದ ಅವನು. "ಅವತ್ತು ಸಾಮಾನು ಟೆಂಪೋಗೆ ಏರಿಸಿದ್ವಿ. ನಮ್ಮಾಕಿ ಅವರ ಕಾಲಿಗೆ ಬಿದ್ದು ಒಂದೇ ಸಮ ಅಳಾಕ ಹತ್ತಿದ್ಲು. ಯಜಮಾನ್ರು ಏನಂದ್ರು ಗೊತ್ತೇನ್ರಿ? 'ಬಚ್ಚಲ ಬಂಡಿ ತಿಕ್ಕಿ ಹೊಂಟೀಯಿಲ್ಲೋ?' ಅಂದ್ರು! ನನಗ ಸಿಟ್ಟೇ ಬಂತ್ರಿ. ಆದ್ರ ಟೆಂಪೋ ಬೀದಿ ತಿರುಗಬೇಕಾದ್ರ ಹಿಂದಕ್ಕ ನೋಡ್ತೀನಿ, ಯಜಮಾನ್ರು ಬರಿಗಾಲಾಗ ಹಿಂದಿಂದ ನಡಕೊಂಡು ಬರಾಕ ಹತ್ಯಾರ. ನಿಲ್ಲಿಸಿದ್ವಿ. 'ಏನ್ ಮರತ್ವಿ ಯಜಮಾನ್ರ?' ಅಂದ್ರ, 'ಏನಿಲ್ಲ, ಏನಿಲ್ಲ, ಹೋಗ್ರಿ' ಅಂದ್ರು. ಮತ್ತ ಹೊಂಟ್ವಿ. ಅವರೂ ಮತ್ತ ಬಂದ್ರು. ಊರ ಹೊರಗಿನ ಸೇತುವಿ ತನಕ ಬಂದ್ರು ಸಾರ್."

ಹರಪನಹಳ್ಳಿಯ ಕೆಲಸ ಅರ್ಧಕ್ಕೆ ಬಿಟ್ಟು ಅಂದೇ ಸಂಜೆ ಕೊಟ್ಟೂರಿಗೆ ಹೋದೆ. ಮನೆಯ ಮುಂಬಾಗಿಲಿಗೆ ಬೀಗ. ಬೀಗದ ಮೇಲೆ ರಟ್ಟಿನ ಬೋರ್ಡು: "ಮನೆ ಬಾಡಿಗೆಗಿದೆ". ಸುತ್ತಿ ಹಿಂದಿನ ಓಣಿಗೆ ಹೋದರೆ ಮಾವ ತನ್ನ ಬಾಗಿಲ ಮುಂದೆ ಆ ಕೈ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು, ಕುರ್ಚಿಯನ್ನು ಪಂಚೆಯಿಂದ ಒರೆಸಿ, "ಕುಂದ್ರು" ಅಂದ. ತಾನು ಹೊಸ್ತಿಲ ಮೇಲೆ ಕೂತ. ಸೊರಗಿದ್ದ. ಗಡ್ಡ ಬಂದಿತ್ತು.

"ಬಾಡಿಗಿಗೆ ಯಾರೂ ಕೇಳಿಲ್ಲೇನು ಮಾವ?"

"ಕೇಳ್ಯಾರ. ಬ್ಯಾಂಕಿನವನೊಬ್ಬ ಬಂದಿದ್ದ. ಆಸ್ಪತ್ರಿ ನರ್ಸಮ್ಮ ಒಬ್ಬಾಕಿ ಬಂದಿದ್ಲು. ಇಲ್ಲ ಅಂದೆ."

"ಯಾಕ?"

"ಬಾಡಿಗಿದಾರ್ರು ಅಂದ್ರ ಹೋಗೋರ ಅಲ್ಲೇನಲೇ? ಬರೋವಾಗ್ಲೇ ಹೋಗಾಕ ಬಂದಿರ್ತಾರ."

"ಹಂಗಾದ್ರ ಬೋರ್ಡು ಯಾಕ ಹಾಕೀ?"

"ಬೋರ್ಡು ಇದ್ರ ಬಾಗಿಲ ಬಡೀತಾರ" ಅಂದ. "ಇಲ್ಲ ಅಂತ ಹೇಳಾಕರ ಎದ್ದು ಹೋಗಬೇಕಾಗತೈತಿ."

ನಾನು ಗೊತ್ತಿದ್ದ ಕಾನೂನನ್ನೇ ಹೇಳಿದೆ. "ಮಾವ, ನೀನು ಮುಂದಿನ ಭಾಗಕ್ಕ ವಾಪಸ್ ಹೋಗು. ಪೂರ್ತಿ ಮನಿ ಮತ್ತ ಸ್ವಂತ ವಾಸ ಆಗತೈತಿ. ಯಾರನ್ನೂ ಕೇಳಬೇಕಾಗಿಲ್ಲ. ಲೆಕ್ಕ ನಾನು ನೋಡ್ಕೊಂತೀನಿ."

ಅವನು ಹೊಸ್ತಿಲ ಮೇಲಿನ ಧೂಳನ್ನು ಬೆರಳಿಂದ ಸರಿಸುತ್ತಾ ಕೂತಿದ್ದ. "ಹೋಗಿ ನೋಡಿದ್ನಿ" ಅಂದ. "ನಿಮ್ಮತ್ತಿ ಹೋದ ಮ್ಯಾಲ ಆ ಪಡಸಾಲ್ಯಾಗ ನನಗ ನಿದ್ದಿ ಹತ್ತಿಲ್ಲ ಅಳಿಯಾ. ನಿನ್ನ ಕಾನೂನು ಕೇಳಾಕ ಬರೋ ಮೊದ್ಲ, ನಿದ್ದಿಗೆ ಅಂತ ಹಿಂದ ಬಂದು ಮಲಗಾಕ ಹತ್ತಿದ್ನಿ. ಹಿಂದ ಬಂದ್ರ, ಮುಂದ ಮನಿ ಅಷ್ಟು ಸುಮ್ನ ಇರ್ತಿತ್ತು, ಅದನ್ನ ಕೇಳ್ಕೊಂತ ಮಲಗಾಕ ಆಗ್ಲಿಲ್ಲ. ಅದಕ್ಕ ಬಾಡಿಗಿಗೆ ಕೊಟ್ನಿ. ಗಂಗಮ್ಮ ಹೋದಾಗಿಂದ ಮತ್ತ ಹಂಗ ಆಗೇತಿ."

ಇಷ್ಟು ಹೇಳಿ ನಾಚಿಕೊಂಡವನಂತೆ ಎದ್ದು, "ನಿನಗ ಮಂಡಕ್ಕಿ ಮಿರ್ಚಿ ತರ್ತೀನಿ, ಕುಂದ್ರು" ಎಂದು ಹೊರಟುಬಿಟ್ಟ. ಅವನು ಬರುವಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಕೊನೆಯ ಬಸ್ಸು ಹೋಗಿತ್ತು. ಹೋಗಲಿ ಎಂದೇ ನಾನು ಕೂತಿದ್ದೆ.

ಊಟವಾದ ಮೇಲೆ ಬೀಗ ತೆಗೆದು, ಪಡಸಾಲೆ ಗುಡಿಸಿ, ತಾನೇ ನನಗೆ ಹಾಸಿಗೆ ಹಾಸಿದ. "ಇಲ್ಲಿ ಮಲಕ್ಕೋ. ಗಾಳಿ ಚಲೋ ಬರ್ತೈತಿ." ನೀನೂ ಇಲ್ಲೇ ಮಲಗು ಬಾ ಎಂದರೆ ಕೇಳಲಿಲ್ಲ. "ನಾ ಇಲ್ಲಿ ಮಲಗಿದ್ರ ಲೆಕ್ಕ ಕೆಡತೈತಿ" ಎಂದು, ಸಂದಿನಲ್ಲಿ ಹೋಗದೆ, ಆ ಹೊತ್ತಿನಲ್ಲೂ ಬೀದಿ ಸುತ್ತಿ ತನ್ನ ಬಾಗಿಲಿಗೇ ಹೋದ!

ನನಗೆ ಮಲಗಿದೊಡನೆ ನಿದ್ದೆ. ಎಚ್ಚರವಾದಾಗ ಇನ್ನೂ ನಸುಕು. ಒಳಗೆ ಅಡುಗೆಮನೆಯ ಗೋಡೆಯಾಚೆಯಿಂದ ದನಿ ಬಂತು.

"ಅಳಿಯಾ, ಎದ್ದೀಯೇನು?"

"ಎದ್ದೀನಿ ಮಾವ."

ಎಲ್ಲೋ ಕೋಳಿ ಕೂಗಿತು. ಬೀದಿಯಲ್ಲಿ ಯಾರೋ ನಲ್ಲಿಗೆ ಕೊಡ ಇಟ್ಟ ಸಪ್ಪಳ. ಮತ್ತೆ ಅದೇ ದನಿ:

"ಎದ್ದೀಯೇನಲೇ?"

"ಎದ್ದೀನಿ ಅಂದ್ನೆಲ್ಲ ಮಾವ, ಕೇಳಿಸ್ಲಿಲ್ಲೇನು?"

"ಕೇಳಿಸ್ತು."

"ಮತ್ತ್ಯಾಕ ಕೇಳ್ತೀ?"

ಆಚೆ ಚಾಪೆ ಸರಿದ ಸಪ್ಪಳವಾಯಿತು. ಆಮೇಲೆ ಮೆಲ್ಲಗೆ, "ಸುಮ್ನ" ಅಂದ.

ನಾನು ಹಾಗೇ ಮಲಗಿದ್ದೆ. ಅವನು ಮೂರನೆಯ ಸಲ ಕೇಳಲಿ ಎಂದು ಕಾಯುತ್ತಿದ್ದೆ. ನನ್ನ ಹಗರಿಬೊಮ್ಮನಹಳ್ಳಿಯ ಕೋಣೆಯಲ್ಲಿ, ಬೆಳಗಾದರೆ ಎದ್ದೆಯಾ ಎಂದು ಕೇಳುವವರು ನನಗೂ ಇರಲಿಲ್ಲ. ಆ ದಿನ ಮೊದಲ ಬಸ್ಸು ಹೋಯಿತು, ಎರಡನೆಯದೂ ಹೋಯಿತು. ಮುಂದಿನ ವಾರ ನನ್ನ ಟ್ರಂಕು ಕೊಟ್ಟೂರಿಗೆ ಬಂತು.